ಕತ್ತರಿಯೂ ಕೋಶದ್ದೇ, ಬೆಸುಗೆಯೂ ಕೋಶದ್ದೇ

1972ರ ನವೆಂಬರ್ ತಿಂಗಳು. ಹವಾಯಿ ದ್ವೀಪದ ಹೊನೊಲುಲುವಿನಲ್ಲಿ ಅಮೆರಿಕ ಮತ್ತು ಜಪಾನಿನ ವಿಜ್ಞಾನಿಗಳ ಗೋಷ್ಠಿಯೊಂದು ನಡೆದಿತ್ತು. ಬ್ಯಾಕ್ಟೀರಿಯಾಗಳ ಒಡಲಲ್ಲಿರುವ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆಗಳು ಅಲ್ಲಿನ ಚರ್ಚೆಯ ವಿಷಯ. ಒಂದು ರಾತ್ರಿ ಗೋಷ್ಠಿ ಮುಗಿದ ಮೇಲೆ ಕೆಲವರು ವೈಕಿಕಿ ಕಡಲತೀರದ ಕಡೆ ನಡೆದು, ತಡವಾಗಿ ತೆರೆದಿದ್ದ ಸಣ್ಣ ಹೋಟೆಲೊಂದಕ್ಕೆ ತಿಂಡಿ ತಿನ್ನಲು ಹೊಕ್ಕರು. ಅವರಲ್ಲಿ ಇಬ್ಬರು ಮುಖ್ಯರು. ಒಬ್ಬರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಕೊಹೆನ್. ಇನ್ನೊಬ್ಬರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಬೋಯರ್.

ಕೊಹೆನ್ ಬಳಿ ಪ್ಲಾಸ್ಮಿಡ್‌ಗಳನ್ನು ಬ್ಯಾಕ್ಟೀರಿಯಾದ ಒಳಗೆ ಸೇರಿಸುವ ವಿದ್ಯೆಯಿತ್ತು. ಬೋಯರ್ ಬಳಿ ಡಿಎನ್‌ಎಯನ್ನು ಗೊತ್ತಾದ ಜಾಗದಲ್ಲೇ ಕತ್ತರಿಸುವ ಕಿಣ್ವವಿತ್ತು. ಎರಡನ್ನೂ ಕೂಡಿಸಿದರೆ ಹೇಗೆ ಎಂಬ ಮಾತು ಆ ರಾತ್ರಿ ಊಟದ ಮೇಜಿನ ಮೇಲೆ ಹುಟ್ಟಿತು. ಮರುವರ್ಷವೇ ಅದು ಪ್ರಯೋಗವಾಗಿ, 1973ರ ನವೆಂಬರಿನಲ್ಲಿ ಲೇಖನವಾಗಿ ಹೊರಬಂತು. ಇಂದು ಔಷಧದ ಅಂಗಡಿಯ ಫ್ರಿಜ್ಜಿನಲ್ಲಿರುವ ಇನ್ಸುಲಿನ್ನಿನಿಂದ ಹಿಡಿದು ಮಕ್ಕಳಿಗೆ ಹಾಕಿಸುವ ಹೆಪಟೈಟಿಸ್-ಬಿ ಲಸಿಕೆಯವರೆಗೆ ಅನೇಕ ವಸ್ತುಗಳ ಮೂಲ ಅಲ್ಲಿದೆ.

ಆದರೆ ಆ ಇಬ್ಬರು ಬಳಸಿದ ಹತ್ಯಾರುಗಳಲ್ಲಿ ಮನುಷ್ಯ ಹೊಸದಾಗಿ ಸೃಷ್ಟಿಸಿದ್ದು ಒಂದೂ ಇರಲಿಲ್ಲ. ಕತ್ತರಿಸುವುದು, ಬೆಸೆಯುವುದು, ನಕಲು ತೆಗೆಯುವುದು ಇವೆಲ್ಲ ಜೀವಕೋಶದ ಹಳೆಯ ಕಸುಬುಗಳು. ವಿಜ್ಞಾನಿಗಳು ಅವನ್ನು ಎರವಲು ಪಡೆದರು. ಎರವಲು ತಂದ ಹತ್ಯಾರಿನಿಂದ ಮಾಡಿದ ಕೆಲಸಕ್ಕೆ ಹೊಣೆ ಯಾರದು ಎಂಬ ಪ್ರಶ್ನೆಯೂ ಅಂದಿನಿಂದಲೇ ಜೊತೆಗೂಡಿತು.

ಬ್ಯಾಕ್ಟೀರಿಯಾದ ಕಾವಲುಗಾರ

ಒಂದು ಜೀವಿಯ ಡಿಎನ್‌ಎ ಇನ್ನೊಂದರೊಳಗೆ ಹೊಕ್ಕು ಕೆಲಸ ಮಾಡಬಲ್ಲದು ಎಂಬುದರ ಸುಳಿವು 1928ರಷ್ಟು ಹಿಂದೆಯೇ ಸಿಕ್ಕಿತ್ತು. ಇಂಗ್ಲೆಂಡಿನ ಫ್ರೆಡರಿಕ್ ಗ್ರಿಫಿತ್ ನ್ಯುಮೋನಿಯ ತರುವ ಬ್ಯಾಕ್ಟೀರಿಯಾವನ್ನು ಬಿಸಿಯಿಂದ ಕೊಂದು, ಅದೇ ಜಾತಿಯ ನಿರುಪದ್ರವಿ ಬ್ಯಾಕ್ಟೀರಿಯಾದೊಂದಿಗೆ ಇಲಿಗಳಿಗೆ ಚುಚ್ಚಿದರು. ಇಲಿಗಳು ಸತ್ತವು. ಸತ್ತ ಬ್ಯಾಕ್ಟೀರಿಯಾದಿಂದ ಏನೋ ಒಂದು ಬದುಕಿದ್ದರೊಳಕ್ಕೆ ಹೋಗಿ ಅದರ ಸ್ವಭಾವವನ್ನೇ ಬದಲಿಸಿತ್ತು. ಆ 'ಏನೋ' ಡಿಎನ್‌ಎ ಎಂಬುದನ್ನು 1944ರಲ್ಲಿ ನ್ಯೂಯಾರ್ಕಿನ ಆಸ್ವಾಲ್ಡ್ ಏವರಿ ಮತ್ತು ಅವರ ಸಂಗಡಿಗರು ತೋರಿಸಿದರು. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎಯ ಜೋಡಿ ಸುರುಳಿಯ ರಚನೆಯನ್ನು ಮುಂದಿಟ್ಟರು. ಅದಕ್ಕೆ ರೊಸಾಲಿಂಡ್ ಫ್ರಾಂಕ್ಲಿನ್ ಅವರ ಕ್ಷ-ಕಿರಣ ಚಿತ್ರಗಳು ಆಧಾರವಾಗಿದ್ದವು. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಉದ್ದನೆಯ ಬರಹ ಅದು. ಒಂದು ಎಳೆಯ 'ಎ' ಎದುರಿಗೆ ಇನ್ನೊಂದರಲ್ಲಿ 'ಟಿ', 'ಜಿ' ಎದುರಿಗೆ 'ಸಿ'.

ಓದಲು ಬಂದರೂ ಅದನ್ನು ಬೇಕಾದ ಕಡೆ ಕತ್ತರಿಸಲು ಬರುತ್ತಿರಲಿಲ್ಲ. ಕತ್ತರಿ ಸಿಕ್ಕಿದ್ದು ಬೇರೊಂದು ಹುಡುಕಾಟದಲ್ಲಿ. ಬ್ಯಾಕ್ಟೀರಿಯಾಗಳಿಗೂ ವೈರಸ್ ಕಾಟ ಉಂಟು. ಒಂದು ತಳಿಯಲ್ಲಿ ಸೊಂಪಾಗಿ ಬೆಳೆದ ವೈರಸ್ ಇನ್ನೊಂದು ತಳಿಯಲ್ಲಿ ಬೆಳೆಯಲಾರದೆ ಸೋಲುವುದನ್ನು 1950ರ ದಶಕದಲ್ಲಿ ಗಮನಿಸಲಾಗಿತ್ತು. ಜಿನೀವಾದ ವೆರ್ನರ್ ಆರ್ಬರ್ 1960ರ ದಶಕದಲ್ಲಿ ಇದಕ್ಕೆ ಕಾರಣ ಕಂಡುಕೊಂಡರು. ಬ್ಯಾಕ್ಟೀರಿಯಾ ಒಳನುಗ್ಗಿದ ಪರಕೀಯ ಡಿಎನ್‌ಎಯನ್ನು ತುಂಡರಿಸುತ್ತದೆ. ತನ್ನ ಡಿಎನ್‌ಎಗೆ ಮಾತ್ರ ರಾಸಾಯನಿಕ ಮುದ್ರೆಯೊತ್ತಿ ಕಾಪಾಡಿಕೊಳ್ಳುತ್ತದೆ. ಮನೆಯವರ ಗುರುತು ಹಿಡಿದು ಒಳಬಿಡುವ ಕಾವಲುಗಾರನ ಹಾಗೆ.

1970ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಹ್ಯಾಮಿಲ್ಟನ್ ಸ್ಮಿತ್ ಅಂಥ ಕಿಣ್ವವೊಂದನ್ನು ಬೇರ್ಪಡಿಸಿ, ಅದು ಗೊತ್ತಾದ ಅಕ್ಷರಸಾಲನ್ನು ಹುಡುಕಿ ಅಲ್ಲೇ ಕತ್ತರಿಸುತ್ತದೆ ಎಂದು ತೋರಿಸಿದರು. ಅವರ ಸಹೋದ್ಯೋಗಿ ಡೇನಿಯಲ್ ನೇಥನ್ಸ್ ಮರುವರ್ಷ ಅದರಿಂದ ವೈರಸ್ಸಿನ ಡಿಎನ್‌ಎಯನ್ನು ಹೋಳು ಮಾಡಿದರು. ಆರ್ಬರ್, ಸ್ಮಿತ್, ನೇಥನ್ಸ್ ಮೂವರಿಗೂ 1978ರಲ್ಲಿ ನೊಬೆಲ್ ಬಂತು. ಸ್ಮಿತ್ ಅವರ ಹೆಸರನ್ನು ನೆನಪಿಡಬೇಕು. ನಲವತ್ತು ವರ್ಷಗಳ ಬಳಿಕ ಇದೇ ಕಥೆಯಲ್ಲಿ ಅವರು ಮತ್ತೆ ಬರುತ್ತಾರೆ.

ಕತ್ತರಿಗಿಂತ ಮೊದಲೇ ಬೆಸುಗೆ ಸಿಕ್ಕಿತ್ತು. ಡಿಎನ್‌ಎ ದಿನವೂ ಅಲ್ಲಲ್ಲಿ ಹರಿಯುತ್ತಿರುತ್ತದೆ. ಆ ಹರಕುಗಳನ್ನು ಜೋಡಿಸುವ ಲೈಗೇಸ್ ಎಂಬ ಕಿಣ್ವವನ್ನು 1967ರಲ್ಲಿ ಹಲವು ಪ್ರಯೋಗಾಲಯಗಳು ಹೆಚ್ಚುಕಡಿಮೆ ಏಕಕಾಲಕ್ಕೆ ಗುರುತಿಸಿದವು. ಭಾರತ ಮೂಲದ ಹರಗೋಬಿಂದ್ ಖುರಾನಾ ಅವರು ಅದನ್ನು ಮೊದಮೊದಲಿಗೆ ದೊಡ್ಡ ಕೆಲಸಕ್ಕೆ ಹಚ್ಚಿದವರಲ್ಲಿ ಒಬ್ಬರು. ರಾಸಾಯನಿಕಗಳಿಂದ ತಯಾರಿಸಿದ ಚಿಕ್ಕ ಚಿಕ್ಕ ಡಿಎನ್‌ಎ ತುಣುಕುಗಳನ್ನು ಲೈಗೇಸ್‌ನಿಂದ ಬೆಸೆದು, 1970ರಲ್ಲಿ ಇಡೀ ಜೀನೊಂದನ್ನೇ ಕಟ್ಟಿದ ಸುದ್ದಿಯನ್ನು ಅವರು ಪ್ರಕಟಿಸಿದರು.

ತಡೆದು ನಿಂತ ಪ್ರಯೋಗ

ಎರಡು ಬೇರೆ ಮೂಲಗಳ ಡಿಎನ್‌ಎಯನ್ನು ಪ್ರನಾಳದಲ್ಲಿ ಒಂದುಗೂಡಿಸಿದ ಕೀರ್ತಿ ಸ್ಟ್ಯಾನ್‌ಫರ್ಡ್‌ನ ಪಾಲ್ ಬರ್ಗ್ ಅವರ ತಂಡದ್ದು. ಕೋತಿಗಳಲ್ಲಿರುವ ಎಸ್‌ವಿ-40 ಎಂಬ ವೈರಸ್ಸಿನ ಡಿಎನ್‌ಎಗೆ, ಬ್ಯಾಕ್ಟೀರಿಯಾದ ಜೀನುಗಳನ್ನು ಹೊತ್ತ ಬೇರೊಂದು ಡಿಎನ್‌ಎಯನ್ನು 1972ರಲ್ಲಿ ಅವರು ಬೆಸೆದರು. ಈ ಕೂಡು ಅಣುವನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಬೆಳೆಸುವುದು ಮುಂದಿನ ಹೆಜ್ಜೆಯಾಗಬೇಕಿತ್ತು. ಅದು ನಡೆಯಲಿಲ್ಲ.

ಕಾರಣ ಒಂದು ದೂರವಾಣಿ ಕರೆ. ಬರ್ಗ್ ಅವರ ವಿದ್ಯಾರ್ಥಿನಿ ಜಾನೆಟ್ ಮರ್ಟ್ಜ್ 1971ರಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನ ತರಬೇತಿಗೆ ಹೋದಾಗ ಈ ಯೋಜನೆಯನ್ನು ವಿವರಿಸಿದ್ದರು. ಅಲ್ಲಿನ ರಾಬರ್ಟ್ ಪೊಲಾಕ್ ಗಾಬರಿಯಾದರು. ಎಸ್‌ವಿ-40 ಪ್ರಯೋಗಾಲಯದ ಪ್ರಾಣಿಗಳಲ್ಲಿ ಗಂತಿ ಹುಟ್ಟಿಸಬಲ್ಲ ವೈರಸ್. ಸೇರಿಸಹೊರಟ ಇ. ಕೊಲೈ ಮನುಷ್ಯನ ಕರುಳಿನಲ್ಲೇ ವಾಸಿಸುವ ಬ್ಯಾಕ್ಟೀರಿಯಾ. ತಪ್ಪಿಸಿಕೊಂಡು ಹೊರಗೆ ಬಂದರೆ ಗತಿಯೇನು ಎಂದು ಅವರು ಬರ್ಗ್ ಅವರನ್ನು ಕೇಳಿದರು. ಬರ್ಗ್ ಮೊದಲು ಇದನ್ನು ಒಪ್ಪಲಿಲ್ಲ. ಆಮೇಲೆ ಹಲವರ ಜೊತೆ ಚರ್ಚಿಸಿ, ಅಪಾಯವೇ ಇಲ್ಲ ಎಂದು ಖಚಿತವಾಗಿ ಹೇಳಲು ತಮ್ಮಿಂದ ಆಗದು ಎಂದು ಕಂಡು ಪ್ರಯೋಗವನ್ನು ಮುಂದೂಡಿದರು.

ಅದೇ ಮರ್ಟ್ಜ್, ರೊನಾಲ್ಡ್ ಡೇವಿಸ್ ಜೊತೆಗೂಡಿ 1972ರಲ್ಲಿ ಇನ್ನೊಂದು ಮುಖ್ಯ ಸಂಗತಿಯನ್ನು ಹೊರಗೆಡಹಿದರು. ಬೋಯರ್ ಬಳಿಯಿದ್ದ ಇಕೋ-ಆರ್-ಒನ್ ಎಂಬ ಕಿಣ್ವ ಡಿಎನ್‌ಎಯ ಎರಡು ಎಳೆಗಳನ್ನು ನೇರವಾಗಿ ಕತ್ತರಿಸುವುದಿಲ್ಲ. ಜಿ-ಎ-ಎ-ಟಿ-ಟಿ-ಸಿ ಎಂಬ ಆರಕ್ಷರದ ಸಾಲು ಕಂಡಲ್ಲಿ ಒಂದೊಂದು ಎಳೆಯನ್ನು ಒಂದೊಂದು ಕಡೆ ಓರೆಯಾಗಿ ಕತ್ತರಿಸುತ್ತದೆ. ಪ್ರತಿ ತುದಿಯಲ್ಲೂ ನಾಲ್ಕಕ್ಷರದ ಒಂಟಿ ಎಳೆ ಚಾಚಿಕೊಂಡು ಉಳಿಯುತ್ತದೆ. ಈ ಕಿಣ್ವ ಕತ್ತರಿಸಿದ ಯಾವ ಎರಡು ತುದಿಗಳಾದರೂ ಒಂದಕ್ಕೊಂದು ಹೊಂದಿ ಅಂಟಿಕೊಳ್ಳುತ್ತವೆ. ಮಾವಿನ ಕಸಿ ಕಟ್ಟುವವರು ಬುಡದ ಗಿಡವನ್ನೂ ಕಡ್ಡಿಯನ್ನೂ ಒಂದೇ ಓರೆಯಲ್ಲಿ ಕೊಯ್ದು ಹೊಂದಿಸುವುದನ್ನು ಇದಕ್ಕೆ ಹೋಲಿಸಬಹುದು. ಒಂದು ತುದಿ ಮನುಷ್ಯನದು, ಇನ್ನೊಂದು ಬ್ಯಾಕ್ಟೀರಿಯಾದ್ದು ಎಂಬ ಭೇದ ಅಲ್ಲಿಲ್ಲ.

ಒಂದರಿಂದ ಕೋಟಿ ನಕಲು

ಕೊಹೆನ್ ಮತ್ತು ಬೋಯರ್ 1973ರಲ್ಲಿ ಮಾಡಿದ ಪ್ರಯೋಗ ಕೇಳಲು ಸರಳ. ಟೆಟ್ರಾಸೈಕ್ಲಿನ್ ಔಷಧವನ್ನು ಎದುರಿಸುವ ಜೀನು ಇರುವ ಪ್ಲಾಸ್ಮಿಡ್ ಒಂದು, ಕನಾಮೈಸಿನ್ ಔಷಧವನ್ನು ಎದುರಿಸುವ ಜೀನು ಇರುವುದು ಇನ್ನೊಂದು. ಎರಡನ್ನೂ ಇಕೋ-ಆರ್-ಒನ್‌ನಿಂದ ಕತ್ತರಿಸಿ, ಬೆರೆಸಿ, ಲೈಗೇಸ್‌ನಿಂದ ಬೆಸೆದರು. ಆ ಮಿಶ್ರಣವನ್ನು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಹದಗೊಳಿಸಿದ ಇ. ಕೊಲೈ ಬ್ಯಾಕ್ಟೀರಿಯಾಗಳಿಗೆ ಉಣಿಸಿದರು. ಬಳಿಕ ಎರಡೂ ಔಷಧಗಳಿದ್ದ ತಟ್ಟೆಯ ಮೇಲೆ ಹರಡಿದರು. ಎರಡೂ ಜೀನುಗಳು ಬಂದವು ಮಾತ್ರ ಬದುಕಿದವು, ಉಳಿದವು ಸತ್ತವು. ಕೊಹೆನ್ ಅವರ ಸಹಾಯಕಿ ಆನೀ ಚಾಂಗ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಾಸವಿದ್ದುದರಿಂದ ಎರಡು ಪ್ರಯೋಗಾಲಯಗಳ ನಡುವೆ ಡಿಎನ್‌ಎ ಸೀಸೆಗಳನ್ನು ಹೊತ್ತು ತಂದವರು ಅವರೇ.

ಬೆಸೆಯುವುದಷ್ಟೇ ಆಗಿದ್ದರೆ ಬರ್ಗ್ ಅದನ್ನು ಮಾಡಿದ್ದರು. ಇಲ್ಲಿ ಹೊಸದು, ಬೆಸೆದ ಡಿಎನ್‌ಎಯನ್ನು ಬದುಕಿರುವ ಕೋಶ ತನ್ನದೆಂದೇ ಸ್ವೀಕರಿಸಿ ನಕಲು ಮಾಡತೊಡಗಿದ್ದು. ಅನುಕೂಲ ವಾತಾವರಣದಲ್ಲಿ ಇ. ಕೊಲೈ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಆ ಲೆಕ್ಕದಲ್ಲಿ ಒಂದು ಕೋಶ ಹತ್ತು ಗಂಟೆಗಳಲ್ಲಿ 107 ಕೋಟಿಯಾಗಬಲ್ಲದು, ಪ್ರತಿಯೊಂದರಲ್ಲೂ ಅದೇ ಜೀನು. ಒಂದೇ ಮೂಲದಿಂದ ಬಂದ ಈ ತದ್ರೂಪಿಗಳಿಗೇ 'ಕ್ಲೋನ್' ಎಂದು ಹೆಸರು. ಮರುವರ್ಷ ಕಪ್ಪೆಯ ಡಿಎನ್‌ಎ ಕೂಡ ಬ್ಯಾಕ್ಟೀರಿಯಾದಲ್ಲಿ ನಕಲಾಯಿತು. ಜಾತಿಯ ಗಡಿ ದಾಟಿತ್ತು.

ಅಸಿಲೊಮಾರ್

ಹೆದರಿಕೆಯೂ ಅದರ ಹಿಂದೆಯೇ ಬಂತು. 1974ರ ಜುಲೈಯಲ್ಲಿ ಬರ್ಗ್ ಮುಂದಾಳತ್ವದಲ್ಲಿ ಕೆಲವು ವಿಜ್ಞಾನಿಗಳು ಬಹಿರಂಗ ಪತ್ರ ಬರೆದು, ಅಪಾಯದ ಅಂದಾಜು ಸಿಗುವವರೆಗೆ ಇಂಥ ಕೆಲವು ಪ್ರಯೋಗಗಳನ್ನು ಎಲ್ಲರೂ ನಿಲ್ಲಿಸಬೇಕೆಂದು ಕೇಳಿಕೊಂಡರು. ಸಹಿ ಹಾಕಿದವರಲ್ಲಿ ಕೊಹೆನ್, ಬೋಯರ್ ಕೂಡ ಇದ್ದರು. ತಮ್ಮ ಕೆಲಸವನ್ನು ತಾವೇ ತಡೆಹಿಡಿಯಿರಿ ಎಂದು ವಿಜ್ಞಾನಿಗಳು ಕೇಳಿದ ನಿದರ್ಶನಗಳು ವಿರಳ. 1975ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರ್ ಎಂಬ ಕಡಲತೀರದ ತಾಣದಲ್ಲಿ ಸುಮಾರು 140 ಮಂದಿ ಸೇರಿ ವಾದ ಮಾಡಿದರು. ಪ್ರಯೋಗ ಮುಂದುವರಿಯಲಿ, ಆದರೆ ಅಪಾಯದ ಮಟ್ಟಕ್ಕೆ ತಕ್ಕ ಭದ್ರತೆ ಇರಲಿ, ಹೊರಗೆ ಬದುಕಲಾರದಷ್ಟು ದುರ್ಬಲಗೊಳಿಸಿದ ಬ್ಯಾಕ್ಟೀರಿಯಾ ಬಳಸಲಿ ಎಂಬುದು ಅವರ ತೀರ್ಮಾನದ ಸಾರ. ಇದರ ಆಧಾರದಲ್ಲಿ 1976ರಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ನಿಯಮಗಳನ್ನು ಹೊರಡಿಸಿತು.

ಜನರಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಹಾರ್ವರ್ಡ್ ಮತ್ತು ಎಂಐಟಿ ಇರುವ ಕೇಂಬ್ರಿಜ್ ನಗರದ ಮೇಯರ್ ಆಲ್ಫ್ರೆಡ್ ವೆಲೂಚಿ ವಿಷಯವನ್ನು ನಗರಸಭೆಗೇ ತಂದರು. 1976ರಲ್ಲಿ ನಗರಸಭೆ ಈ ಪ್ರಯೋಗಗಳಿಗೆ ತಾತ್ಕಾಲಿಕ ತಡೆ ಹಾಕಿ, ಸಾಮಾನ್ಯ ನಾಗರಿಕರ ಸಮಿತಿಯೊಂದನ್ನು ನೇಮಿಸಿತು. ಆ ಸಮಿತಿ ತಿಂಗಳುಗಟ್ಟಲೆ ವಿಜ್ಞಾನಿಗಳನ್ನು ಕೂರಿಸಿಕೊಂಡು ಪ್ರಶ್ನಿಸಿತು. ಕೊನೆಗೆ ಹೆಚ್ಚಿನ ಷರತ್ತುಗಳೊಂದಿಗೆ ಅನುಮತಿ ಕೊಡಬಹುದೆಂದು ಹೇಳಿ, 1977ರಲ್ಲಿ ಅದು ಜಾರಿಗೆ ಬಂತು.

ಆ ವರ್ಷ ಅಮೆರಿಕದ ಸಂಸತ್ತಿನಲ್ಲೂ ನಿರ್ಬಂಧದ ಮಸೂದೆಗಳು ಬಂದಿದ್ದವು. ಅದೇ ಹೊತ್ತಿಗೆ ಚಾಂಗ್ ಮತ್ತು ಕೊಹೆನ್ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಈ ಬಾರಿ ಪ್ರನಾಳದಲ್ಲಿ ಕತ್ತರಿಸಿ ಬೆಸೆಯುವ ಬದಲು, ಎಲ್ಲವನ್ನೂ ಬದುಕಿರುವ ಬ್ಯಾಕ್ಟೀರಿಯಾಕ್ಕೇ ಬಿಟ್ಟರು. ಕೋಶದೊಳಗಿನ ಕತ್ತರಿ ಕಿಣ್ವವೇ ಡಿಎನ್‌ಎಯನ್ನು ಕತ್ತರಿಸಿತು, ಕೋಶದ್ದೇ ಲೈಗೇಸ್ ಬೆಸೆಯಿತು. ಮನುಷ್ಯ ಮಾಡುವ ಜೋಡಣೆ ಪ್ರಕೃತಿಯಲ್ಲೂ ಆಗಬಲ್ಲದು ಎಂಬುದು ಕೊಹೆನ್ ವಾದ. ಮಸೂದೆಗಳು ಕಾನೂನಾಗಲಿಲ್ಲ, ಅದಕ್ಕೆ ಈ ವಾದವೂ ಒಂದು ಕಾರಣ ಎನ್ನಲಾಗುತ್ತದೆ. ಆದರೆ ಟೀಕಾಕಾರರ ಮಾತಿನಲ್ಲೂ ತೂಕವಿತ್ತು. ಪ್ರಕೃತಿಯಲ್ಲಿ ಎಲ್ಲೋ ಅಪರೂಪಕ್ಕೆ ಆಗುವುದು ಬೇರೆ, ಮನುಷ್ಯ ತಾನೇ ಆರಿಸಿ ಬೇಕೆಂದಷ್ಟು ಬೆಳೆಸುವುದು ಬೇರೆ. ಒಮ್ಮೆ ಹೊರಬಿಟ್ಟ ಜೀವಿಯನ್ನು ಮರಳಿ ಕರೆಯಲಾಗದು ಎಂದು ಡಿಎನ್‌ಎ ರಸಾಯನದ ಹಿರಿಯ ತಜ್ಞ ಅರ್ವಿನ್ ಚಾರ್ಗಾಫ್ 1976ರಲ್ಲೇ ಎಚ್ಚರಿಸಿದ್ದರು.

ಔಷಧದ ಸೀಸೆಗೆ

1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದ ಮೇಲೆ ಆರು ದಶಕ ಅದು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದಲೇ ಬರುತ್ತಿತ್ತು. ಕಾಲು ಕಿಲೋದಷ್ಟು ಶುದ್ಧ ಇನ್ಸುಲಿನ್ನಿಗೆ ಸುಮಾರು ಎರಡು ಟನ್ ಹಂದಿಯ ಅಂಗಾಂಶ ಬೇಕಿತ್ತು. ಕೆಲವು ರೋಗಿಗಳಿಗೆ ಅದು ಒಗ್ಗುತ್ತಲೂ ಇರಲಿಲ್ಲ.

ಬೋಯರ್ 1976ರಲ್ಲಿ ರಾಬರ್ಟ್ ಸ್ವಾನ್ಸನ್ ಎಂಬ ತರುಣ ಹೂಡಿಕೆದಾರನೊಂದಿಗೆ ಜೆನೆನ್‌ಟೆಕ್ ಕಂಪನಿ ತೆರೆದರು. 1978ರಲ್ಲಿ ಆ ಕಂಪನಿ ಮತ್ತು ಸಿಟಿ ಆಫ್ ಹೋಪ್ ಸಂಸ್ಥೆಯ ವಿಜ್ಞಾನಿಗಳು ಮಾನವ ಇನ್ಸುಲಿನ್ನಿನ ಎರಡು ಸರಪಳಿಗಳಿಗೆ ಬೇರೆ ಬೇರೆ ಜೀನು ತಯಾರಿಸಿ, ಅವನ್ನು ಬೇರೆ ಬೇರೆ ಬ್ಯಾಕ್ಟೀರಿಯಾಗಳಲ್ಲಿ ಸೇರಿಸಿ, ಬಂದ ಸರಪಳಿಗಳನ್ನು ಕೊನೆಗೆ ಕೂಡಿಸಿದರು. 1982ರಲ್ಲಿ ಅಮೆರಿಕ ಇದರ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು. ಕೊಹೆನ್-ಬೋಯರ್ ವಿಧಾನಕ್ಕೆ 1980ರಲ್ಲಿ ಸಿಕ್ಕ ಪೇಟೆಂಟ್ ಅವಧಿ ಮುಗಿಯುವಷ್ಟರಲ್ಲಿ 25 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಅದೇ ವರ್ಷ ಬರ್ಗ್ ಅವರಿಗೆ ನೊಬೆಲ್ ಬಂತು. ಕೊಹೆನ್, ಬೋಯರ್ ಅವರಿಗೆ ಆ ಗೌರವ ಸಂದಿಲ್ಲ.

1980ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟು ಜೀವಿಗೂ ಪೇಟೆಂಟ್ ಕೊಡಬಹುದೆಂದು 5-4 ಬಹುಮತದ ತೀರ್ಪು ಕೊಟ್ಟಿತು. ಆ ಮೊಕದ್ದಮೆಯ ವಿಜ್ಞಾನಿ ಪಶ್ಚಿಮ ಬಂಗಾಳ ಮೂಲದ ಆನಂದ ಚಕ್ರವರ್ತಿ. ತೈಲದ ಅಂಶಗಳನ್ನು ಜೀರ್ಣಿಸುವ ಹಲವು ಪ್ಲಾಸ್ಮಿಡ್‌ಗಳನ್ನು ಅವರು ಒಂದೇ ಬ್ಯಾಕ್ಟೀರಿಯಾದಲ್ಲಿ ಕೂಡಿಸಿದ್ದರು. ಅದಕ್ಕೆ ಕತ್ತರಿ ಕಿಣ್ವವನ್ನೂ ಪ್ರನಾಳವನ್ನೂ ಬಳಸಿರಲಿಲ್ಲ. ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಪ್ಲಾಸ್ಮಿಡ್ ಹಂಚಿಕೊಳ್ಳುವ ಸಹಜ ಗುಣವನ್ನೇ ನಂಬಿ, ಬೆಸುಗೆಯನ್ನು ಕೋಶದೊಳಗೇ ಮಾಡಿಸಿದ್ದರು.

ಈ ವಿದ್ಯೆ ಭಾರತದ ಕಾರ್ಖಾನೆಗಳಿಗೂ ಬಂತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಹೆಪಟೈಟಿಸ್-ಬಿ ಲಸಿಕೆಯನ್ನು ತಯಾರಿಸಿ ಮಾರುಕಟ್ಟೆಗೆ ತಂದಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಮಾನವ ಇನ್ಸುಲಿನ್ ತಂದಿತು. ಬೆಂಗಳೂರಿನ ಇನ್ಸುಲಿನ್ ತಯಾರಾದದ್ದು ಬ್ಯಾಕ್ಟೀರಿಯಾದಲ್ಲಲ್ಲ, ಪಿಚಿಯಾ ಎಂಬ ಯೀಸ್ಟಿನಲ್ಲಿ. ಈ ಇತಿಹಾಸದ ಮುಂದಿನ ಅಧ್ಯಾಯವೂ ಯೀಸ್ಟಿನದೇ, ಆದರೆ ಬ್ರೆಡ್ಡು ಉಬ್ಬಿಸುವ ಯೀಸ್ಟಿನದು.

ಯೀಸ್ಟೆಂಬ ಕಮ್ಮಟ

ಕತ್ತರಿ ಕಿಣ್ವಗಳ ವಿಧಾನಕ್ಕೆ ಒಂದು ಮಿತಿಯಿತ್ತು. ಕತ್ತರಿಸಬೇಕಾದ ಜಾಗದಲ್ಲಿ ಕಿಣ್ವಕ್ಕೆ ಬೇಕಾದ ಅಕ್ಷರಸಾಲು ಇರಲೇಬೇಕು, ಬೇಡವಾದ ಜಾಗದಲ್ಲಿ ಇರಕೂಡದು. ಡಿಎನ್‌ಎ ಉದ್ದವಾದಷ್ಟೂ ಈ ಎರಡು ಷರತ್ತು ಕೂಡಿ ಬರುವುದು ಕಷ್ಟ. ಉದ್ದನೆಯ ಡಿಎನ್‌ಎ ಕೈಯಾಡಿಸಿದರೆ ತುಂಡಾಗುತ್ತದೆ ಕೂಡ.

ಯೀಸ್ಟಿಗೆ ಕತ್ತರಿಯ ಹಂಗಿಲ್ಲ. ತನ್ನ ಡಿಎನ್‌ಎ ಮುರಿದರೆ ಅದು ಅಂಥದೇ ಅಕ್ಷರಸಾಲು ಇರುವ ಇನ್ನೊಂದು ಡಿಎನ್‌ಎಯನ್ನು ಹುಡುಕಿ, ಸಾಲಿಗೆ ಸಾಲು ಹೊಂದಿಸಿ ಕೂಡಿಕೊಳ್ಳುತ್ತದೆ. 1978ರಲ್ಲಿ ಜೆರಾಲ್ಡ್ ಫಿಂಕ್ ಮತ್ತು ಸಂಗಡಿಗರು ಯೀಸ್ಟಿಗೆ ಹೊರಗಿನ ಡಿಎನ್‌ಎ ಸೇರಿಸಿದಾಗ ಅದು ತನ್ನ ಹೋಲಿಕೆಯ ಜಾಗಕ್ಕೇ ಹೋಗಿ ಕೂತಿತ್ತು. ಸೇರಿಸುವ ಡಿಎನ್‌ಎಯನ್ನು ಮೊದಲೇ ಕತ್ತರಿಸಿ ತುದಿ ಬಿಚ್ಚಿಟ್ಟರೆ ಈ ಕೂಡಿಕೆ ಬಹುಪಾಲು ಹೆಚ್ಚುತ್ತದೆಂದು 1981ರಲ್ಲಿ ಜ್ಯಾಕ್ ಶೊಸ್ಟಾಕ್ ಮತ್ತಿತರರು ತೋರಿಸಿದರು. ಅಂದರೆ, ಎರಡು ತುಣುಕುಗಳ ತುದಿಗಳಲ್ಲಿ ಒಂದೇ ಅಕ್ಷರಸಾಲು ಇದ್ದರೆ ಸಾಕು, ಯೀಸ್ಟಿನೊಳಗೆ ಹಾಕಿದ ಮೇಲೆ ಬೆಸೆಯುವ ಕೆಲಸ ಅದರದು. 1987ರಿಂದ ಇದೇ ಉಪಾಯದಿಂದ ಪ್ಲಾಸ್ಮಿಡ್ ಕಟ್ಟತೊಡಗಿದರು. 1996ರಲ್ಲಿ ವ್ಲಾದಿಮಿರ್ ಲಾರಿಯೊನೊವ್, ನತಾಲ್ಯಾ ಕೂಪ್ರಿನಾ ಮತ್ತು ಸಂಗಡಿಗರು ಮಾನವನ ಇಡೀ ಡಿಎನ್‌ಎ ರಾಶಿಯಿಂದ ಬೇಕಾದ ಭಾಗವನ್ನಷ್ಟೇ ಯೀಸ್ಟಿನಿಂದ ಆರಿಸಿ ತೆಗೆಯಿಸಿದರು. ಇ. ಕೊಲೈ ಒಳಗೂ ಇಂಥ ಜೋಡಣೆ ಮಾಡಿಸಲು ವೈರಸ್ ಮೂಲದ ಪ್ರೋಟೀನುಗಳ ನೆರವು ಪಡೆಯುವ ವಿಧಾನವನ್ನು 1998ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ರೂಪಿಸಿದರು.

ಇದರ ಶಿಖರ 2010ರಲ್ಲಿ ಬಂತು. ಕ್ರೇಗ್ ವೆಂಟರ್ ಸಂಸ್ಥೆಯ ತಂಡ ಒಂದು ಬ್ಯಾಕ್ಟೀರಿಯಾದ ಸಂಪೂರ್ಣ ಡಿಎನ್‌ಎಯನ್ನು, ಅಂದರೆ ಹತ್ತು ಲಕ್ಷಕ್ಕೂ ಮಿಕ್ಕ ಅಕ್ಷರಗಳನ್ನು, ಕೃತಕವಾಗಿ ಕಟ್ಟಿತು. ರಾಸಾಯನಿಕವಾಗಿ ತಯಾರಿಸಿದ 1,078 ತುಣುಕುಗಳನ್ನು ಯೀಸ್ಟು ಮೂರು ಹಂತಗಳಲ್ಲಿ ಬೆಸೆಯಿತು. ಹತ್ತತ್ತು ಸೇರಿ ಒಂದು, ಅಂಥ ಹತ್ತು ಸೇರಿ ಇನ್ನೊಂದು, ಕೊನೆಗೆ ಅಂಥ 11 ಸೇರಿ ಇಡೀ ಬಳೆ. ಅದನ್ನು ಹತ್ತಿರದ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾಕ್ಕೆ ವರ್ಗಾಯಿಸಿದಾಗ ಹೊಸ ಡಿಎನ್‌ಎಯ ಆಳ್ವಿಕೆ ಶುರುವಾಯಿತು. ಅದಕ್ಕೂ ಮೊದಲು ಒಂದೇ ಒಂದು ಅಕ್ಷರ ಬಿಟ್ಟುಹೋಗಿದ್ದಕ್ಕೆ ಕೆಲಸ ವಾರಗಟ್ಟಲೆ ನಿಂತಿತ್ತು. ಆ ತಂಡದಲ್ಲಿ ಹ್ಯಾಮಿಲ್ಟನ್ ಸ್ಮಿತ್ ಇದ್ದರು. 1970ರಲ್ಲಿ ಕತ್ತರಿಯನ್ನು ಕೋಶದಿಂದ ಹೊರತೆಗೆದವರೇ 2010ರಲ್ಲಿ ಬೆಸುಗೆಯ ಕೆಲಸವನ್ನು ಕೋಶಕ್ಕೆ ಮರಳಿಸಿದವರ ಜೊತೆಗಿದ್ದರು.

ಉಳಿದ ಪ್ರಶ್ನೆ

2020ರಲ್ಲಿ ಕೊರೊನಾ ಹರಡಿದಾಗ ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಆ ವೈರಸ್ಸಿನ ಸಂದೇಶವನ್ನು ಡಿಎನ್‌ಎ ತುಣುಕುಗಳಾಗಿ ತರಿಸಿಕೊಂಡು ಯೀಸ್ಟಿನಲ್ಲಿ ಬೆಸೆದರು. ತುಣುಕುಗಳು ಕೈಸೇರಿದ ಸುಮಾರು ಒಂದು ವಾರದಲ್ಲಿ ಜೀವಂತ ವೈರಸ್ ತಯಾರಾಗಿತ್ತು. ರೋಗಿಯ ಮಾದರಿಗಾಗಿ ಕಾಯದೆ ಔಷಧ, ಲಸಿಕೆಗಳ ಪರೀಕ್ಷೆಗೆ ನೆರವಾಗುವುದು ಇದರ ಉದ್ದೇಶ. ಆದರೆ ರೋಗಾಣುವೊಂದನ್ನು ಬರಹದಿಂದಲೇ ಕಟ್ಟಬಹುದು ಎಂಬುದೂ ಇದರಿಂದ ಸ್ಪಷ್ಟವಾಯಿತು. ಹಾಗಾಗಿ ಡಿಎನ್‌ಎ ತುಣುಕುಗಳಿಗೆ ಬರುವ ಬೇಡಿಕೆಯನ್ನು ತಪಾಸಣೆ ಮಾಡುವ ಚರ್ಚೆ ಬಿಗಿಯಾಗಿದೆ. ಅಸಿಲೊಮಾರ್ ಸಭೆಗೆ 50 ವರ್ಷ ತುಂಬಿದ 2025ರ ಫೆಬ್ರವರಿಯಲ್ಲಿ ಅದೇ ಸ್ಥಳದಲ್ಲಿ ಮತ್ತೆ ಸಭೆ ಸೇರಿತ್ತು.

ಕೋಶಕ್ಕೆ ಆಯ್ಕೆಯಿಲ್ಲ. ತುದಿಗಳು ಹೊಂದಿದರೆ ಅದು ಬೆಸೆಯುತ್ತದೆ, ಇನ್ಸುಲಿನ್ನಿನ ಜೀನಾದರೂ ಸರಿ, ವೈರಸ್ಸಿನದಾದರೂ ಸರಿ. ಯಾವುದಕ್ಕೆ ಯಾವುದನ್ನು ಕೂಡಿಸಬೇಕೆಂಬ ನಿರ್ಧಾರವಷ್ಟೇ ಮನುಷ್ಯನದು. 1971ರಲ್ಲಿ ಒಂದು ದೂರವಾಣಿ ಕರೆಗೆ ಬರ್ಗ್ ಕೊಟ್ಟ ಉತ್ತರ ಈ ಇತಿಹಾಸದಲ್ಲಿ ಅವರ ಬೆಸುಗೆಯಷ್ಟೇ ಮುಖ್ಯವಾಗಿ ಉಳಿದಿರುವುದು ಅದಕ್ಕಾಗಿ.